ಹಗ್ಗದ ಈಚೆ ಹಾಕಿದ ಕುರ್ಚಿ

ಮನೆಯಿಂದ,
ಮಾರ್ಚ್ ೧೩, ಬುಧವಾರ ಬೆಳಿಗ್ಗೆ

ಪ್ರೀತಿಯ ಚಿಕ್ಕು,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಎಡ ಮೊಣಕಾಲಿನ ಊತ ಇಳಿಯಿತೇ, ಇಲ್ಲ ಇನ್ನೂ ಅದರ ಮೇಲೇ ಓಡುತ್ತಿದ್ದೀಯೋ? ಸಾಬೂನಿನ ಕಾರ್ಖಾನೆಯಲ್ಲಿ ಕೆಲಸ ಮಾಡುವವನ ಕಾಲುಚೀಲ ಅಷ್ಟು ಕೊಳಕಾಗಿರುವುದು ಹೇಗೆ ಎಂದು ಕೇಳಬೇಕೆಂದಿದ್ದೆ, ಇರಲಿ. ಇಲ್ಲಿ ನಾನು ಚೆನ್ನಾಗಿದ್ದೇನೆ. ಕಣ್ಣಿನ ಆಪರೇಷನ್ ಆದಮೇಲೆ ಸೂಜಿಗೆ ದಾರ ಒಂದೇ ಸಲಕ್ಕೆ ಪೋಣಿಸುತ್ತೇನೆ, ದೂರದ್ದೂ ಸ್ಪಷ್ಟವಾಗಿ ಕಾಣುತ್ತದೆ. ಎಷ್ಟು ಸ್ಪಷ್ಟ ಎಂಬುದು ನಿನಗೆ ಇನ್ನು ಸ್ವಲ್ಪ ಹೊತ್ತಿನಲ್ಲಿ ಗೊತ್ತಾಗುತ್ತದೆ. ನಿಮ್ಮಮ್ಮನೂ ಚೆನ್ನಾಗಿದ್ದಾಳೆ. ನಿಮ್ಮಣ್ಣ ಪ್ರೆಸ್ಸಿನ ಕೆಲಸಕ್ಕೆ ಹೋಗಿ ಬರುತ್ತಿದ್ದಾನೆ. ಕ್ಷೇಮ ಸಮಾಚಾರ ಇಲ್ಲಿಗೆ ಮುಗಿಯಿತು. ಇನ್ನು ಕುಳಿತುಕೊಂಡು ಓದು.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ದನಿ ಏರಿಸಿದ ತಕ್ಷಣ ನಿನಗೆ ಸಿಗ್ನಲ್ ಹೋಗುತ್ತದೆ. 'ಅಜ್ಜಿ, ಕೇಳಿಸ್ತಿಲ್ಲ, ಆಮೇಲೆ ಮಾಡ್ತೀನಿ' ಎಂದು ಎಷ್ಟು ಸಲ ನನ್ನ ಕಿವಿಗೆ ಹೂವಿಟ್ಟಿಲ್ಲ ನೀನು. ಕಾಗದಕ್ಕೆ ಸಿಗ್ನಲ್ ಬೇಕಾಗಿಲ್ಲ. ಹರಿದು ಹಾಕಿದರೆ ಇನ್ನೊಂದು ಬರೆಯುತ್ತೇನೆ, ನನಗೇನು ಬೇರೆ ಕೆಲಸವಿಲ್ಲ.

ನಿನಗೆ ಗೊತ್ತಿರುವ ಹಾಗೆ, ನಮ್ಮ ಫುಟ್‌ಬಾಲ್ ಕ್ಲಬ್ಬಿನ ಅಂಗಿಗಳಿಗೆ ನಂಬರು ಹೊಲಿಯುವವಳು ನಾನೇ ಆದರೂ ಒಂದು ದಿನವೂ ಬೇರೆ ಊರಿನ ಮೈದಾನಕ್ಕೆ ಹೋದವಳಲ್ಲ. ಇಲ್ಲಿ ಆಡಿದರೆ ನೋಡುತ್ತಿದ್ದೆ, ಅಲ್ಲಿ ಆಡಿದರೆ ಸ್ಕೋರು ಕೇಳಿ ಮಲಗುತ್ತಿದ್ದೆ. ಈ ಸಲ ಮನಸ್ಸು ತಡೆಯಲಿಲ್ಲ. ನೀನು ಆ ಊರಿಗೆ ಕೆಲಸಕ್ಕೆ ಹೋಗಿ ಅವರ ಕ್ಲಬ್ಬು ಸೇರಿದ ಮೇಲೆ ನನ್ನ ಮೊಮ್ಮಕ್ಕಳಿಬ್ಬರೂ ಒಂದೇ ಮೈದಾನದಲ್ಲಿ ಎದುರುಬದುರಾಗಿ ನಿಲ್ಲುವುದು ಇದೇ ಮೊದಲು. ಅಣ್ಣ ಇತ್ತ ಗೋಲಿನಲ್ಲಿ, ತಮ್ಮ ಅತ್ತ ಒಂಬತ್ತನೇ ನಂಬರಿನಲ್ಲಿ. ಯಾರು ಗೆದ್ದರೂ ಗೆದ್ದವನು ನಮ್ಮ ಮನೆಯವನೇ ಎಂದು ಖುಷಿಯಿಂದಲೇ ಬಸ್ಸು ಹತ್ತಿದೆ. ಬಸ್ಸಿನ ತುಂಬ ನಮ್ಮ ಊರಿನ ಪುಂಡರು. ಆ ಡೋಲು ಬಾರಿಸುವ ಮೆಕ್ಯಾನಿಕ್ ಇದ್ದಾನಲ್ಲ, ಅವನು ದಾರಿಯುದ್ದಕ್ಕೂ ನನ್ನ ಕಿವಿಯ ಪಕ್ಕದಲ್ಲೇ ಬಾರಿಸಿದ. ಇಳಿಯುವಾಗ ತಲೆಯೊಳಗೇ ಯಾರೋ ತಗಡು ಬಡಿಯುತ್ತಿದ್ದರು.

ನಿಮ್ಮ ಮೈದಾನವನ್ನು ನೀನು ಇಷ್ಟು ದಿನ ಫೋನಿನಲ್ಲಿ ಹೊಗಳಿದ್ದನ್ನು ಕೇಳಿ ನಾನು ಏನೇನೋ ಅಂದುಕೊಂಡಿದ್ದೆ. ಮರದ ಕಾರ್ಖಾನೆಯ ಹಿಂದೆ ಒಂದು ಸಂದು, ಸಂದಿನ ಕೊನೆಗೆ ತುಕ್ಕು ಹಿಡಿದ ಗೇಟು, ಗೇಟಿನೊಳಗೆ ಒಂದು ಕಡೆ ಮಾತ್ರ ತಗಡಿನ ಚಾವಣಿ. ಒಂದು ಮೂಲೆಯಲ್ಲಿ ಹುಲ್ಲೇ ಇಲ್ಲ. ಹೊರಗಿನಿಂದ ಬಂದವರಿಗೆ ಗೋಲಿನ ಹಿಂದೆ ಒಂದು ಹಗ್ಗ ಕಟ್ಟಿ ಜಾಗ ಬಿಟ್ಟಿದ್ದರು. ಕೂರುವುದಕ್ಕೆ ಎರಡು ಬೆಂಚು, ಒಂದಕ್ಕೆ ಕಾಲಿನ ಬದಲು ಇಟ್ಟಿಗೆ. ನಮ್ಮ ಪುಂಡರು ಬಂದ ಕೂಡಲೇ ಬೆಂಚು ಹಿಡಿದರು, ಈ ಮುದುಕಿಗೆ ಜಾಗ ಬಿಡಬೇಕು ಎಂಬ ಬುದ್ಧಿ ಒಬ್ಬನಿಗೂ ಬರಲಿಲ್ಲ. ನಮ್ಮ ಊರಿನವರ ಯೋಗ್ಯತೆಯನ್ನು ಬೇರೆ ಊರಿಗೆ ಹೋಗಿಯೇ ನೋಡಬೇಕು.

ಆಗ ಹಗ್ಗದ ಆಚೆಯಿಂದ ನಿಮ್ಮ ಚಹಾದಂಗಡಿಯ ಹೆಂಗಸು ಬಂದಳು. ಹಸಿರು ಸ್ವೆಟರ್ ಹಾಕಿಕೊಂಡವಳು, ಎಡಗೈ ಬೆರಳಿಗೆ ಬ್ಯಾಂಡೇಜು. ತನ್ನ ಗಲ್ಲಾಪೆಟ್ಟಿಗೆಯ ಹಿಂದಿನ ಕುರ್ಚಿಯನ್ನೇ ಎತ್ತಿಕೊಂಡು ಬಂದು ಹಗ್ಗದ ಈಚೆ ಹಾಕಿದಳು. 'ಕೂತ್ಕೊಳ್ಳಿ ಅಮ್ಮಾ, ನಾನು ಹೇಗೂ ನಿಂತೇ ಇರ್ತೀನಿ. ಯಾರ ಕಡೆಯವ್ರು ನೀವು?' ಎಂದಳು. ಎರಡೂ ಕಡೆಯವಳು, ಆ ಕಡೆಯ ಗೋಲಿನಲ್ಲಿ ನಿಂತವನೂ ನಮ್ಮವನು, ನಿಮ್ಮ ಒಂಬತ್ತನೆಯವನೂ ನಮ್ಮವನೇ ಎಂದೆ. ಅವಳ ಮುಖ ಅರಳಿದ್ದನ್ನು ನೀನು ನೋಡಬೇಕಿತ್ತು. 'ನಮ್ಮ ಒಂಬತ್ತಾ? ಅವನು ಬಂದ್ಮೇಲೆ ನಮ್ಮ ಹುಡುಗ್ರು ಸೋತ್ರೂ ತಲೆ ಎತ್ಕೊಂಡು ಬರ್ತಾರೆ' ಎಂದಳು. ಇವತ್ತು ಸಮ ಮಾಡಿಕೊಂಡರೆ ಸಾಕು, ಇದೇ ದರ್ಜೆಯಲ್ಲಿ ಉಳಿಯುತ್ತೇವೆ, ಸೋತರೆ ಕೆಳಗಿನ ದರ್ಜೆಗೆ ಬೀಳುತ್ತೇವೆ ಎಂದೂ ಅವಳೇ ಹೇಳಿದಳು. ಕೆಳಗೆ ಬಿದ್ದರೆ ಬೇರೆ ಊರಿನ ತಂಡಗಳು ಬರುವುದಿಲ್ಲವಂತೆ, ನೋಡುವವರೂ ಬರುವುದಿಲ್ಲವಂತೆ. ಚಹಾಕ್ಕೆ ಕಾಸು ಕೊಡಲು ಹೋದರೆ ನನ್ನ ಕೈಯನ್ನೇ ಮಡಚಿಬಿಟ್ಟಳು.

ಇನ್ನು ನಿನ್ನ ಅಂಗಿಯ ವಿಷಯ. ನಂಬರನ್ನು ಅಂಟಿಸಿದ್ದಾರೆ, ಹೊಲಿದಿಲ್ಲ. ಒಂಬತ್ತರ ಹೊಟ್ಟೆ ಕಿತ್ತುಕೊಂಡು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ನನಗೆ ಆಗಲೇ ಸಿಟ್ಟು ಬಂದಿತ್ತು. ಅದು ಸಣ್ಣ ಸಿಟ್ಟು ಎಂದು ಆಮೇಲೆ ಗೊತ್ತಾಯಿತು.

ನಮ್ಮವರು ಒಂದು ಗೋಲು ಹೊಡೆದರು. ನೀವು ಹೊಡೆಯಲಿಲ್ಲ. ಆಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ನಮ್ಮ ಕಡೆಯ ಆ ಉದ್ದ ಕತ್ತಿನವನು ಕೈಯಲ್ಲಿ ಬಾಲು ತಡೆದ. ರೆಫರಿ ಪೆನಾಲ್ಟಿ ಎಂದ. ನಿಮ್ಮ ಕ್ಯಾಪ್ಟನ್ ಬಾಲು ತಂದು ನಿನ್ನ ಕೈಗೇ ಕೊಟ್ಟ. ನಾನು ಗೋಲಿನ ಸರಿಯಾಗಿ ಹಿಂದೆ ಇದ್ದೆ. ಬಲೆಯ ಕಣ್ಣುಗಳ ನಡುವೆ ಮೊದಲು ನಿಮ್ಮಣ್ಣನ ಬೆನ್ನು, ಅದರಾಚೆ ನಿನ್ನ ಮುಖ.

ಚಿಕ್ಕು, ನೀನು ಮಣಿಕಟ್ಟಿನಿಂದ ಮೂಗು ಉಜ್ಜಿದೆ.

ನೀನು ಮೂರು ವರ್ಷದವನಿದ್ದಾಗ ನನ್ನ ಕತ್ತರಿಯನ್ನು ಬಾವಿಗೆ ಹಾಕಿ 'ನಾನಲ್ಲ' ಎಂದಾಗ ಹೀಗೇ ಉಜ್ಜಿದ್ದೆ. ಶಾಲೆ ತಪ್ಪಿಸಿ ಬಂದು 'ಇವತ್ತು ರಜೆ' ಎಂದಾಗಲೂ ಅಷ್ಟೆ. ನಿಜವಾಗಿ ಬಾಲು ಹೊಡೆಯುವಾಗ ನೀನು ಮೂಗು ಮುಟ್ಟುವುದಿಲ್ಲ, ನಿನ್ನ ನಾಲಿಗೆ ಬಾಯಿಯ ಮೂಲೆಯಲ್ಲಿ ಹೊರಗಿರುತ್ತದೆ. ನನ್ನ ಹೊಲಿಗೆಯಂಗಡಿಯ ಷಟರನ್ನು ಗೋಲು ಮಾಡಿಕೊಂಡು ನೀವಿಬ್ಬರೂ ಸಂಜೆಯೆಲ್ಲ ಆಡುತ್ತಿದ್ದಾಗ ಮಿಷನ್ನಿನ ಮುಂದೆ ಕೂತು ನಾನು ನೋಡಿದ್ದು ಆ ನಾಲಿಗೆಯನ್ನೇ. ಬಾಲು ಷಟರಿಗೆ ಬಡಿದರೆ ಬೀದಿಯವರೆಲ್ಲ ನನಗೆ ಬೈಯುತ್ತಿದ್ದರು. ನಿಮ್ಮಣ್ಣ ಹಿಡಿದರೆ ಓಡಿ ಬಂದು ಬಕೆಟ್ಟಿನ ನೀರಿನಲ್ಲಿ ಕೈ ಅದ್ದಿಕೊಂಡು ಕೂರುತ್ತಿದ್ದ. ಅಷ್ಟು ಜೋರು ನಿನ್ನ ಕಾಲು.

ಭಾನುವಾರ ನಾಲಿಗೆ ಒಳಗೇ ಇತ್ತು. ನೀನು ಓಡಿ ಬಂದೆ, ನಿಮ್ಮಣ್ಣ ಯಾವ ಕಡೆ ಹಾರುತ್ತಾನೆ ಎಂದು ನೋಡಿದೆ, ಅವನ ಎದೆಗೆ ಕೂಸನ್ನು ಕೊಟ್ಟ ಹಾಗೆ ಬಾಲು ಕೊಟ್ಟೆ. ನಮ್ಮ ಪುಂಡರು ಕುಣಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ಯಾಕೆ ಮಾಡಿದೆ ಎಂದು ನನಗೆ ಗೊತ್ತು, ಅದನ್ನು ವಿವರಿಸುವ ಕಷ್ಟ ನಿನಗೆ ಬೇಡ. ನಮ್ಮ ಕೋಚು, ಆ ಕ್ಷೌರದಂಗಡಿಯವನು, ಹೋದ ವಾರ ನಮ್ಮ ಮನೆಯಲ್ಲೇ ಕೂತು, ನಮ್ಮ ಲೋಟದಲ್ಲೇ ಕುಡಿದು, 'ಇನ್ನೊಂದು ಮ್ಯಾಚ್ ನೋಡ್ತೀನಿ. ಈ ಸಲವೂ ಗೋಲ್ ಬಿಟ್ರೆ ಬೇರೆ ಹುಡುಗನ್ನ ನಿಲ್ಲಿಸ್ತೀನಿ' ಎಂದು ನಿಮ್ಮಣ್ಣನಿಗೆ ಹೇಳಿಹೋದ. ನಿಮ್ಮಮ್ಮನ ಹೊಟ್ಟೆಯಲ್ಲಿ ಮಾತು ನಿಲ್ಲುವುದುಂಟೇ? ಅವನು ಮೆಟ್ಟಿಲು ಇಳಿಯುವ ಮೊದಲೇ ನಿನಗೆ ಫೋನು ಹೋಗಿರುತ್ತದೆ. ಅವಳಿಗೂ ನಾನು ನಿನ್ನೆ ಸರಿಯಾಗಿ ಹೇಳಿದ್ದೇನೆ. 'ತಮ್ಮ ಅಣ್ಣನಿಗೆ ಮಾಡದೆ ಇನ್ಯಾರಿಗೆ ಮಾಡ್ತಾನೆ?' ಎಂದಳು. ಪ್ರೀತಿಯಂತೆ. ಈ ಪ್ರೀತಿಗೆ ಬೆಂಕಿ ಬೀಳಲಿ.

ಅಲ್ಲ ಕಣೋ, ಆ ಗೋಲು ನಿನ್ನದಾಗಿತ್ತೇ ಕೊಡುವುದಕ್ಕೆ? ಅತ್ತೆ ಒಡವೆಯನ್ನು ಅಳಿಯ ದಾನ ಮಾಡಿದ ಹಾಗಾಯಿತು. ಅದು ಆ ಹಸಿರು ಸ್ವೆಟರಿನವಳದು. ನೀನು ಹೊಸಬ ಎಂದು ನೋಡದೆ ಬಾಲನ್ನು ನಿನ್ನ ಕೈಗೆ ಕೊಟ್ಟ ಕ್ಯಾಪ್ಟನ್ನನದು. ಗೇಟಿನ ಹತ್ತಿರ ಟೋಪಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದ ಆ ಮುದುಕನದು. ಅಣ್ಣನ ಮೇಲೆ ಅಷ್ಟು ಅಕ್ಕರೆ ಇದ್ದರೆ ಆಡುವುದಿಲ್ಲ, ಮೊಣಕಾಲು ನೋವು ಎಂದು ಬೆಂಚಿನಲ್ಲಿ ಕೂರಬೇಕಿತ್ತು. ಊತವಂತೂ ಇದ್ದೇ ಇತ್ತು. ಅವರ ಅಂಗಿ ತೊಟ್ಟು, ಅವರ ನೀರು ಕುಡಿದು, ಉಂಡ ಮನೆಗೆ ಎರಡು ಬಗೆಯುವುದನ್ನು ಯಾರು ಕಲಿಸಿದರು ನಿನಗೆ? ನಾನಂತೂ ಕಲಿಸಿಲ್ಲ.

ಆಟ ಮುಗಿದ ಮೇಲೆ ನಮ್ಮವರು ಹಗ್ಗ ದಾಟಿ ಒಳಗೆ ನುಗ್ಗಿ, ಕೆಳಗಿನ ದರ್ಜೆಗೆ ಬಿದ್ದವರ ಮುಂದೆ ಡೋಲು ಬಾರಿಸಿದರು. ನಾನು ಮೆಕ್ಯಾನಿಕ್ಕಿನ ಕೈಯಿಂದ ಕೋಲು ಕಿತ್ತುಕೊಂಡೆ, ಅದು ಈಗಲೂ ನನ್ನ ಚೀಲದಲ್ಲಿದೆ, ಕೇಳಿದರೂ ಕೊಡುವುದಿಲ್ಲ. ಕುರ್ಚಿ ವಾಪಸು ಕೊಡಲು ಹೋದರೆ ನಿಮ್ಮ ಚಹಾದಂಗಡಿಯವಳ ಕಣ್ಣು ಕೆಂಪಾಗಿತ್ತು. ನನ್ನನ್ನು ನೋಡಿ ಮುಖ ತಿರುಗಿಸುತ್ತಾಳೆ ಎಂದುಕೊಂಡೆ. ಅವಳು ನನ್ನ ಭುಜ ಹಿಡಿದು 'ಅವನಿಗೆ ಬೈಬೇಡಿ ಅಮ್ಮಾ. ಪಾಪ, ಎಷ್ಟು ನೊಂದ್ಕೊಂಡಿದ್ದಾನೋ. ಯಾರಿಗಾದ್ರೂ ತಪ್ಪುತ್ತೆ' ಎಂದಳು. ನನಗೆ ಸಮಾಧಾನ ಹೇಳಿದ್ದು ಅವಳು. ನಾನು ಏನು ಹೇಳಲಿ ಅವಳಿಗೆ? ತಪ್ಪಿದ್ದಲ್ಲ ತಾಯಿ, ತಪ್ಪಿಸಿದ್ದು ಎನ್ನಲೇ? ಬಾಯಿಗೆ ಬೀಗ ಹಾಕಿಕೊಂಡು ಬಂದೆ. ನನ್ನ ಜೀವಮಾನದಲ್ಲಿ ಹಾಗೆ ತಲೆ ತಗ್ಗಿಸಿ ಯಾವ ಗೇಟನ್ನೂ ದಾಟಿರಲಿಲ್ಲ.

ನೀನು ಡ್ರೆಸ್ಸಿಂಗ್ ರೂಮಿನಿಂದ ಹೊರಗೆ ಬಂದು ಅಜ್ಜಿಯ ಮುಖ ನೋಡಲೂ ಇಲ್ಲ. ಅದಕ್ಕೆ ಬೇರೆ ಸಿಟ್ಟಿದೆ, ಅದನ್ನು ಮುಖಾಮುಖಿ ತೀರಿಸುತ್ತೇನೆ.

ಬಸ್ಸಿನಲ್ಲಿ ನಿಮ್ಮಣ್ಣನನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಣಿದರು. ಕ್ಷೌರದಂಗಡಿಯವನು ಅವನ ಕೆನ್ನೆಗೆ ಮುತ್ತಿಟ್ಟು 'ನೀನೇ ನನ್ನ ಗೋಲ್‌ಕೀಪರ್' ಎಂದ. ನಿಮ್ಮಣ್ಣ ನಕ್ಕ, ಇಳಿದು ಬಂದು ನನ್ನ ಪಕ್ಕದಲ್ಲಿ ಕೂತ, ಗ್ಲೌಸು ಬಿಚ್ಚಿ ತನ್ನ ಅಂಗೈಯನ್ನೇ ನೋಡುತ್ತಾ ಮನೆಯವರೆಗೂ ಬಂದ. ದಣಿದಿದ್ದಾನೆ ಎಂದುಕೊಂಡೆ. ಅವನಿಗೆ ಗೊತ್ತಾಗದಿರಲಿ ಎಂದು ಮೂರು ದಿನದಿಂದ ನಾನು ಮನೆಯಲ್ಲಿ ಕಳ್ಳಿಯ ಹಾಗೆ ಓಡಾಡುತ್ತಿದ್ದೇನೆ. ಅವನು ಎದುರು ಬಂದರೆ ಒಗೆದ ಬಟ್ಟೆಯನ್ನೇ ಮತ್ತೆ ಮಡಚುತ್ತೇನೆ. ನೀನು ಕೊಟ್ಟ ಉಡುಗೊರೆ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ, ನುಂಗಲೂ ಆಗದು, ಉಗುಳಲೂ ಆಗದು.

ಈಗ ನೀನು ಮಾಡಬೇಕಾದದ್ದು ಇಷ್ಟೆ. ಮೊದಲು ಕ್ಯಾಪ್ಟನ್ ಹತ್ತಿರ ಹೋಗು, ಆಮೇಲೆ ಚಹಾದಂಗಡಿಗೆ. ಮೂಗು ಮುಟ್ಟದೆ ನಿಜ ಹೇಳು. ಹೊಡೆದರೆ ಹೊಡೆಸಿಕೋ, ಕ್ಲಬ್ಬಿನಿಂದ ಓಡಿಸಿದರೆ ಓಡಿಸಲಿ. ಉಪ್ಪು ತಿಂದವನು ನೀರು ಕುಡಿಯಬೇಕು. ಅವರು ಇಟ್ಟುಕೊಂಡರೆ ಕೆಳಗಿನ ದರ್ಜೆಯಲ್ಲೇ ಆಡಿ ಅವರನ್ನು ಮೇಲಕ್ಕೆ ತಾ. ಆ ಅಂಗಿಯನ್ನು ನನಗೆ ಕಳಿಸು, ಎಲ್ಲರದನ್ನೂ ಕಳಿಸು, ನಂಬರನ್ನು ಎರಡೆಳೆ ದಾರದಲ್ಲಿ ಹೊಲಿದು ಕೊಡುತ್ತೇನೆ. ಅಂಟಿಸಿದ್ದು ಎಷ್ಟು ದಿನ ನಿಲ್ಲುತ್ತದೆ?

ನಿನ್ನ ಮೇಲೆ ಇಷ್ಟು ಸಿಟ್ಟು ಮಾಡಿಕೊಳ್ಳುವುದಕ್ಕೆ ನನಗೆ ಬೇರೆ ಯಾರಿದ್ದಾರೆ ಹೇಳು. ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡು. ಚೆನ್ನಾಗಿರು, ನೂರು ಕಾಲ ಬಾಳು, ಆದರೆ ಮೊದಲು ನಿಜ ಹೇಳು.

ನಿನ್ನ ಮೇಲೆ ಇನ್ನೂ ಕೋಪ ಇಳಿಯದ,
ಅಜ್ಜಿ

ವಿ.ಸೂ.: ಕವರಿಗೆ ಗೋಂದು ಹುಡುಕಲು ಒಳಗೆ ಹೋಗಿದ್ದೆ. ಬರುವಷ್ಟರಲ್ಲಿ ನಿಮ್ಮಣ್ಣ ಊಟಕ್ಕೆ ಬಂದವನು ಇದನ್ನೆಲ್ಲ ನಿಂತುಕೊಂಡೇ ಓದಿ ಮುಗಿಸಿದ್ದ. ಅವನಿಗೆ ಆಶ್ಚರ್ಯವೇ ಆಗಲಿಲ್ಲ. 'ಅವನ ಬಾಲ್ ಹಿಡಿದ್ರೆ ಅಂಗೈ ಉರೀಬೇಕು ಅಜ್ಜಿ. ಅವತ್ತು ಉರೀಲೇ ಇಲ್ಲ' ಎಂದ. ಊಟ ಮುಟ್ಟಲಿಲ್ಲ. ಗ್ಲೌಸನ್ನು ಒಯ್ದು ಕ್ಷೌರದಂಗಡಿಯ ಮೇಜಿನ ಮೇಲೆ ಇಟ್ಟು, ಆ ಬಾಲು ನಾನು ಹಿಡಿದದ್ದಲ್ಲ ಎಂದು ಹೇಳಿ ಈಗ ತಾನೇ ವಾಪಸು ಬಂದಿದ್ದಾನೆ. ಇಷ್ಟು ಬರಿ ಎಂದು ಪಕ್ಕದಲ್ಲೇ ನಿಂತಿದ್ದಾನೆ: ಈ ಭಾನುವಾರ ಬರಬೇಕಂತೆ ನೀನು. ನನ್ನ ಅಂಗಡಿಯ ಷಟರಿನ ಮುಂದೆ ಅವನು ಬರಿಗೈಯಲ್ಲಿ ನಿಲ್ಲುತ್ತಾನಂತೆ, ನೀನು ಹೊಡೆಯಬೇಕಂತೆ. ಹಿಡಿದರೆ ಗ್ಲೌಸು ವಾಪಸು ಕೇಳುತ್ತಾನೆ, ಬಿಟ್ಟರೆ ಕೇಳುವುದಿಲ್ಲ. ಬಾ. ಬಕೆಟ್ಟಿನಲ್ಲಿ ನೀರು ತುಂಬಿಸಿಟ್ಟುಕೊಂಡು ನಾನು ಬಾಗಿಲಲ್ಲಿ ಕೂತಿರುತ್ತೇನೆ, ನಿನ್ನ ನಾಲಿಗೆ ನೋಡುತ್ತಾ.