ಹೆಸರಿಲ್ಲದ ಚೀಟಿ

ಜೂನ್ 3, ಸೋಮವಾರ
ಬೆಳಗಿನಿಂದ ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮಷಿನ್ ಮುಂದೆ. ಶಾಲೆಯ ಕೋಟುಗಳು ಮುಗಿಯುವಂತೆ ಕಾಣುವುದಿಲ್ಲ. ಇದರ ಮಧ್ಯೆ ಕಟಿಂಗ್ ಮಾಸ್ಟರಿಗೆ ಹೊಸ ಹುಮ್ಮಸ್ಸು — ಉಳಿಯುವ ನೀಲಿ ಬಟ್ಟೆಯಲ್ಲಿ ಅಂಗಡಿಯವರಿಗೆಲ್ಲ ಒಂದೊಂದು ಕೋಟು. ಅಳತೆ ಕೊಡಬೇಕಂತೆ.

ಇಲ್ಲಿ ತನ್ನ ಅಳತೆ ತಾನೇ ತೆಗೆಯುವ ಹಾಗಿಲ್ಲ. ಬಗ್ಗಿ ಟೇಪು ನೋಡಿದರೆ ಅಳತೆ ಕೆಡುತ್ತದೆ. ಇನ್ನೊಬ್ಬರು ತೆಗೆಯಬೇಕು, ನಾವು ನೇರ ನಿಂತು ಗೋಡೆ ನೋಡಬೇಕು. ಅಳೆದವರು ಗಟ್ಟಿಯಾಗಿ ಓದಿ ಹೇಳುವುದು ಬೇರೆ! ಎಲ್ಲರೂ ಟೀಗೆ ಹೋದಾಗ ಟ್ರಯಲ್ ರೂಮಿನ ಚಿಲಕ ಹಾಕಿ ನಾನೇ ತೆಗೆದೆ. ಟೇಪನ್ನು ಬಿಗಿಯಾಗಿ ಎಳೆದೆ. ಆದರೂ ಅಷ್ಟೊಂದು... ಚೀಟಿ ಬರೆದು ಮಾಸ್ಟರ ಮೇಜಿನ ಅಳತೆ ಚೀಟಿಗಳ ರಾಶಿಯಲ್ಲಿ ತುರುಕಿದೆ. ಹೆಸರು ಬರೆಯಲು ನಾಚಿಕೆಯಾಯಿತು.

ಊಟದ ಡಬ್ಬಿ ತೆರೆಯಲಿಲ್ಲ.

ಜೂನ್ 5
ಒಳಗೆ ಕಾಲಿಟ್ಟ ಕೂಡಲೇ ಮಾತು ನಿಂತಿತು. ಮಾಸ್ಟರ ಕೈಯಲ್ಲಿ ಚೀಟಿ. ಪಕ್ಕದಲ್ಲಿ ಕಾಜಮ್ಮ — ಮೂವತ್ತು ವರ್ಷ ಗುಂಡಿಗೆ ಕಾಜಾ ಹೊಲಿದು ಹೊಲಿದು ಹೆಸರೇ ಹಾಗಾಗಿದೆ — ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ನನ್ನ ಚೀಟಿಯೇ. ಈ ಸೊಂಟಕ್ಕೆ ಬಟ್ಟೆ ಸಾಲುತ್ತದೋ ಇಲ್ಲವೋ ಎಂದು ನಗುತ್ತಿದ್ದರು.

"ನಿನ್ನ ಚೀಟಿ ಕಾಣ್ತಿಲ್ಲ, ಇನ್ನೊಂದ್ಸಲ ಅಳತೆ ಕೊಡಮ್ಮ" ಎಂದರು ಮಾಸ್ಟರು.

ಕಾಣುತ್ತಿಲ್ಲವಂತೆ! ಕಂಡದ್ದನ್ನು ನಂಬಲಾಗಲಿಲ್ಲ ಎನ್ನುವುದಕ್ಕೆ ನಯವಾದ ಮಾತು. "ಕೊಟ್ಟಿದ್ದೀನಲ್ಲ" ಎಂದು ಪೆಡಲ್ ಒತ್ತಿದೆ.

ಜೂನ್ 6
ಅಕ್ಕ ತಟ್ಟೆಗೆ ಸ್ವಲ್ಪವೇ ಬಡಿಸಿದಳು. ಅವಳ ಕಣ್ಣಿಗೂ ದಪ್ಪ ಕಾಣುತ್ತಿದ್ದೇನೆ. ನಿನ್ನೆ ತುಂಬ ಬಡಿಸಿದ್ದಳು — ಹೊಟ್ಟೆಬಾಕಿ ಎಂದು. ಹೇಳಿಯೂಬಿಟ್ಟೆ.

"ಜಾಸ್ತಿ ಬಡಿಸಿದ್ರೆ ಎದ್ದು ಹೋಗ್ತೀಯ, ಕಡಿಮೆ ಬಡಿಸಿದ್ರೆ ಅಳ್ತೀಯ. ನಾನೇನೇ ಮಾಡ್ಲಿ? ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀಯ?"

ಎದ್ದು ಹೋದೆ.

ಜೂನ್ 12
ಸೋಮವಾರ ಅಂಗಡಿಯ ಮೆಟ್ಟಿಲ ಮೇಲೆ ಕಣ್ಣು ಕತ್ತಲಿಟ್ಟಿತು. ಮೂರು ದಿನ ರಜೆ. ಡಾಕ್ಟರು ಅಕ್ಕನನ್ನು ಹೊರಗೆ ಕಳಿಸಿ ಕೇಳಿದರು, "ಸರಿಯಾಗಿ ಊಟ ಮಾಡಿ ಎಷ್ಟು ದಿನ ಆಯ್ತು?" ನಿನ್ನೆ, ಎಂದೆ. ನಂಬಲಿಲ್ಲ. ಹೀಗೇ ಹೋದರೆ ಹೃದಯ ತಡೆದುಕೊಳ್ಳುವುದಿಲ್ಲ ಎಂದರು. ಭಯವಾಯಿತು. ಆದರೂ ಬಾಯಿ ಬಿಡಲಿಲ್ಲ.

ಬರುವಾಗ ಬಸ್ಸಿನಲ್ಲಿ ಒಬ್ಬಾಕೆ ಎದ್ದು ಸೀಟು ಬಿಟ್ಟುಕೊಟ್ಟಳು. ಇವಳಿಗೆ ಇಬ್ಬರ ಜಾಗ ಬೇಕು ಎಂದುಕೊಂಡಳೇನೋ. ಅಕ್ಕ ಮನೆ ಮುಟ್ಟುವವರೆಗೂ ನನ್ನ ಕೈ ಬಿಡಲಿಲ್ಲ.

ಜೂನ್ 14
ಕೋಟು ಹಂಚಿದರು. ನನ್ನದೊಂದಿಲ್ಲ. ಬಟ್ಟೆ ಸಾಲಲಿಲ್ಲ, ಗೊತ್ತೇ ಇತ್ತು. ಮಷಿನ್ ಕಡೆ ತಿರುಗಿದೆ.

ಆಗ ಮಾಸ್ಟರು ಪುಟ್ಟದೊಂದು ಕೋಟು ಎತ್ತಿ ಹಿಡಿದರು. ಶಾಲೆಯಿಂದ ವಾಪಸು ಬಂದಿದೆ, ಯಾವ ಮಗುವಿನದೂ ಅಲ್ಲವಂತೆ. "ಚೀಟೀಲಿ ಹೆಸರಿಲ್ಲ, ಮಗುದೇ ಇರ್ಬೇಕು ಅಂತ ಕತ್ತರಿಸ್ದೆ. ಕೈ ನೋಡಿದ್ರೆ ಇಷ್ಟುದ್ದ, ಸೊಂಟ ನೋಡಿದ್ರೆ ಇಷ್ಟೇ. ಈ ಮಗು ಬೆಳೆಯೋ ಗಡಿಬಿಡೀಲಿ ಊಟ ಮರ್ತಿದೆ ಅಂತ ಕಾಜಮ್ಮ ಅವತ್ತು ನಕ್ಕಿದ್ದೇ ನಕ್ಕಿದ್ದು."

ಕೋಟಿನ ಕೊರಳಿಗೆ ಪಿನ್ನು ಚುಚ್ಚಿದ ಚೀಟಿ. ನನ್ನ ಅಕ್ಷರ.

"ನಂದು" ಎಂದೆ.

ಯಾರೂ ನಗಲಿಲ್ಲ. ಕಾಜಮ್ಮ ಎದ್ದು ಬಂದು ಕೋಟು ಹಾಕಿಸಿದರು. ಗುಂಡಿ ಸಲೀಸಾಗಿ ಹಾಕಲು ಬಂತು. ಮಾಸ್ಟರು ಕನಿಕರದಿಂದ ಸಡಿಲ ಬಿಟ್ಟಿದ್ದಾರೆ ಎಂದುಕೊಂಡೆ... ಮಗುವಿನದೆಂದು ಕತ್ತರಿಸಿದ ಕೋಟಿನಲ್ಲಿ ನನ್ನ ಮೇಲಿನ ಕನಿಕರ ಎಲ್ಲಿಂದ ಬರಬೇಕು?

ಕಾಜಮ್ಮ ಟೇಪು ತಂದರು. "ತಲೆ ಎತ್ತು. ಗೋಡೆ ನೋಡು." ನೋಡಿದೆ. ಅಳತೆ ಗಟ್ಟಿಯಾಗಿ ಓದಲಿಲ್ಲ. ತುಂಬ ಅತ್ತೆ.

ಜೂನ್ 17
ಡಾಕ್ಟರ ಹತ್ತಿರ ನಿಜ ಹೇಳಿದೆ. ಅಕ್ಕನನ್ನೂ ಒಳಗೆ ಕೂರಿಸಿಕೊಂಡೆ. ವಾರಕ್ಕೆರಡು ಸಲ ಬರಬೇಕಂತೆ.

ಜೂನ್ 18, ಮಧ್ಯಾಹ್ನ 1.10
ಡಬ್ಬಿ ತೆರೆದಿದ್ದೇನೆ. ಎದುರಿಗೆ ಕಾಜಮ್ಮ. ಡಬ್ಬಿ ನೋಡಿದರು, ನಕ್ಕರು. ಎಷ್ಟು ತಿನ್ನುತ್ತಾಳಪ್ಪ ಇವಳು ಎಂದು —

ಇಲ್ಲ. ಈ ಅಳತೆಯನ್ನೂ ನಾನೇ ತೆಗೆಯಬಾರದು. "ಯಾಕೆ ನಕ್ರಿ?" ಕೇಳಿಯೇಬಿಟ್ಟೆ.

"ನನ್ ಡಬ್ಬಿ ಮನೇಲೇ ಬಿಟ್ಟು ಬಂದೆ ಕಣೇ. ನಿನ್ನ ಹತ್ರ ಪಾಲು ಕೇಳೋಕೆ ನಾಚಿಕೆ."

ಅಷ್ಟೇ! ಅರ್ಧಕ್ಕಿಂತ ಜಾಸ್ತಿ ಕೊಟ್ಟು ಪಾರಾಗಲು ನೋಡಿದೆ. ಅವರೇನು ದಡ್ಡರೇ? ನಾಲ್ಕು ತುತ್ತು ಮಾತ್ರ ಮುಚ್ಚಳಕ್ಕೆ ಹಾಕಿಕೊಂಡು ಡಬ್ಬಿ ನನ್ನತ್ತ ತಳ್ಳಿದರು. ನಾನು ಶುರು ಮಾಡುವವರೆಗೆ ಅವರೂ ಮುಟ್ಟುವುದಿಲ್ಲವಂತೆ. ಹಸಿದಿದ್ದಾರೆ, ಪಾಪ. ಬರೆದದ್ದು ಸಾಕು, ಪುಸ್ತಕ ಮುಚ್ಚು ಎನ್ನುತ್ತಿದ್ದಾರೆ. ಸರಿ, ಒಂದು ತುತ್ತು —