ನೇಯ್ದವಳಿಗೆ ಓದಿ ಹೇಳಿದ ತಪ್ಪಿಗೆ

ಮಾನ್ಯ ಪರಿಶೀಲನಾ ಮುಖ್ಯಸ್ಥರೇ,

ತಮ್ಮ ಆನ್‌ಲೈನ್ ಲೇಖನ ಮಾರುಕಟ್ಟೆಯಲ್ಲಿ ನನ್ನ ತಮ್ಮನ ಮಗಳು ನಂದಾಳ ಹೆಸರಿನ ಕೆಳಗೆ ‘ನಕಲು ಲೇಖಕಿ’ ಎಂದು ಕೆಂಪಕ್ಷರದಲ್ಲಿ ಬರೆಸಿದ್ದೀರಿ. ಯಾರದನ್ನು ನಕಲು ಮಾಡಿದಳು ಎಂದು ವಿಚಾರಿಸಿದರೆ, ಅವಳದನ್ನೇ. ತನ್ನ ಮನೆಗೆ ತಾನೇ ಕನ್ನ ಹಾಕಿದ ಕಳ್ಳಿಯನ್ನು ಹಿಡಿದ ಕೀರ್ತಿ ನಕಲು ಪತ್ತೆ ಮಾಡುವ ತಮ್ಮ ಯಂತ್ರಕ್ಕೆ ಸಲ್ಲಬೇಕು. ನಾನು ಈವರೆಗೆ ಪತ್ರ ಬರೆದದ್ದೆಲ್ಲ ತಂಗಿಯರಿಗೆ, ಬೀಗರಿಗೆ. ಅಧಿಕಾರಿಗಳಿಗೆ ಬರೆಯುವ ರೀತಿಯನ್ನು ಯಾರೂ ಕಲಿಸಿಲ್ಲ. ಆದ್ದರಿಂದ ರೂಢಿಯಂತೆ ಕ್ಷೇಮಸಮಾಚಾರ: ನಾವೆಲ್ಲ ನವಲಗುಂದದಲ್ಲಿ ಆರಾಮ ಇದ್ದೇವೆ, ನಂದಾ ಒಬ್ಬಳನ್ನು ಬಿಟ್ಟು.

ನಂದಾ ಮನೆಯಲ್ಲಿ ಜಂಪರ್ ಹೊಲಿಯುತ್ತಾಳೆ. ಬಿಡುವಾದಾಗ ನಮ್ಮೂರಿನ ಕೆಲಸಗಾರರ ಬಗ್ಗೆ ಫೋನಿನಲ್ಲೇ ಲೇಖನ ಬರೆದು ತಮ್ಮ ಮಾರುಕಟ್ಟೆಗೆ ಹಾಕುತ್ತಾಳೆ. ಯಾವುದೋ ಊರಿನ ಯಾವುದೋ ವೆಬ್‌ಸೈಟಿನವರು ಕೊಳ್ಳುತ್ತಾರೆ. ಬರೆದದ್ದನ್ನು ಮೊದಲು, ಅದು ಯಾರ ಬಗ್ಗೆ ಇದೆಯೋ ಅವರ ಮುಂದೆ ಕೂತು ಓದುವುದು ಅವಳ ಪದ್ಧತಿ. ಅವರು ಹೂಂ ಎಂದರೆ ಮಾತ್ರ ಅದು ಮಾರಾಟಕ್ಕೆ. ನಮ್ಮ ಬಾಜು ಮನೆಯ ಮರಿಯಮಬಿ ನೇಯುವ ಜಮಖಾನದ ಬಗ್ಗೆ ಬರೆದಾಗಲೂ ಹಾಗೇ ಮಾಡಿದಳು. ನಾನೂ ಅಲ್ಲೇ ಇದ್ದೆ.

ಒಂದು ಸಾಲಿಗೆ ಮರಿಯಮಬಿಯ ಕೈ ಮಗ್ಗದ ಮೇಲೆ ನಿಂತಿತು.

“ತಡಿ ಬೇ ನಂದಾ. ನಮ್ಮವ್ವ ಕಲಿಸಿದ್ಲು ಅಂತ ಯಾರು ಹೇಳಿದ್ರು ನಿನಗ?”

“ಮತ್ತ ಯಾರು ಕಲಿಸಿದ್ರು, ಖಾಲಾ?”

“ನಮ್ಮತ್ತಿ. ಜಮಖಾನ ನೇಯೋ ಮನಿತನದಾಗ ಸೊಸಿಗೆ ಕಲಸ್ತಾರ, ಮಗಳಿಗಲ್ಲ. ಮಗಳು ಕೊಟ್ಟ ಮನಿಗೆ ಹೋಗಾಕಿ, ವಿದ್ಯಾನೂ ಹೊತ್ಕೊಂಡು ಹೋಗ್ತಾಳ. ನೀ ಹಿಂಗ ಬರದ್ರ, ನಮ್ಮವ್ವ ಕಟ್ಟು ಮುರದ್ಲು ಅಂತಾರ ಮಂದಿ. ಸತ್ತಾಕಿ ಮ್ಯಾಲೆ ಯಾಕ ಹೊರಸ್ತಿ?”

ನಂದಾ ಅಲ್ಲೇ ತಿದ್ದಿದಳು. ಅಷ್ಟರಲ್ಲಿ ಮರಿಯಮಬಿಯ ಯಜಮಾನ ಮಾಬುಸಾಬ ಒಳಗಿನಿಂದ ಕೇಳಿದರು:

“ಇದರಾಗ ನನ್ನ ಹೆಸರು ಎಲ್ಲೈತಿ?”

“ನೀವು ಮಗ್ಗಕ್ಕ ಕೈ ಹಚ್ಚಿದ್ದು ಯಾವಾಗ್ರಿ ಕಾಕಾ, ಬರಿಯೂದಕ್ಕ?”

“ಚಾ ಕುಡಿಯೂದು ಬರಿ ಬೇ,” ಎಂದಳು ಮರಿಯಮಬಿ. “ಅದ ಒಂದು ಪುಟ ಆಗತೈತಿ.”

ತಿದ್ದಿದ ಲೇಖನವನ್ನು ಮರಿಯಮಬಿ ತನ್ನ ಫೋನಿಗೆ ಹಾಕಿಸಿಕೊಂಡು, ಹುಬ್ಬಳ್ಳಿಗೆ ಕೊಟ್ಟ ಮಗಳು ತಮನ್ನಾಗೆ ಕಳಿಸಿದಳು. ತಮನ್ನಾ ಹಿಗ್ಗಿನಿಂದ ‘ನಮ್ಮ ಅಮ್ಮಿ ಬಗ್ಗೆ ನಂದಕ್ಕ ಬರದದ್ದು’ ಎಂದು ಫೇಸ್‌ಬುಕ್ಕಿಗೆ ಏರಿಸಿದಳು. ಮರುದಿನ ನಂದಾ ಅದನ್ನು ತಮ್ಮಲ್ಲಿಗೆ ಕಳಿಸಿದಳು. ತಮ್ಮ ಯಂತ್ರ ಎರಡನ್ನೂ ಬಾಜುಬಾಜು ಇಟ್ಟು ಅಕ್ಷರಕ್ಕೆ ಅಕ್ಷರ ತಾಳೆ ನೋಡಿತು. ‘ನಂದಕ್ಕ ಬರದದ್ದು’ ಎಂಬ ಎರಡು ಪದಗಳನ್ನು ಮಾತ್ರ ಓದಲಿಲ್ಲ. ಅಷ್ಟು ಚೂಟಿ ಯಂತ್ರಕ್ಕೆ ಅಷ್ಟೊಂದು ಕೆಲಸ ಹೇಳಬಾರದು, ಒಪ್ಪುತ್ತೇನೆ. ಆದರೆ ತಮನ್ನಾ ತಾನೇ ತಮಗೆ ಪತ್ರ ಬರೆದು ನಿಜ ಹೇಳಿದ ಮೇಲೆ ಓದಿದವರು ಮನುಷ್ಯರೇ ಅಲ್ಲವೇ? ಬಂದ ಉತ್ತರ ಇದು: ಮಾರಾಟಕ್ಕೆ ಮೊದಲು ಲೇಖನವನ್ನು ಯಾರಿಗೂ ತೋರಿಸುವುದಿಲ್ಲ ಎಂದು ನಂದಾ ಮುಚ್ಚಳಿಕೆ ಬರೆದುಕೊಟ್ಟರೆ ಕೆಂಪಕ್ಷರ ತೆಗೆಯಲಾಗುವುದು.

ಮಾನ್ಯರೇ, ಹೊಲಿದ ಜಂಪರನ್ನು ತೊಡುವವಳ ಮೈಗೆ ಹಿಡಿದು ನೋಡಬಾರದು ಎಂದು ಯಾವ ದರ್ಜಿಗಾದರೂ ಹೇಳುತ್ತೀರಾ? ಒಬ್ಬರ ಬದುಕನ್ನು ಬರೆದು, ಅವರಿಗೆ ಮಾತ್ರ ಗೊತ್ತಾಗದಂತೆ ಮಾರಿದರೆ ಅದು ಸ್ವಂತ ಬರಹ; ಅವರನ್ನು ಕೇಳಿ ಬರೆದರೆ ಕಳವು. ಈ ನ್ಯಾಯ ತಮ್ಮ ಯಂತ್ರಕ್ಕೆ ಹೊಳೆದದ್ದೋ, ತಮಗೋ? ನಂದಾ ಆ ದಿನ ಓದಿ ಹೇಳದೆ ಹೋಗಿದ್ದರೆ, ಸತ್ತ ಹೆಣ್ಣುಮಗಳೊಬ್ಬಳ ಮೇಲೆ ಸುಳ್ಳು ಅಪವಾದ ಹೊರಿಸಿದ ಆ ಲೇಖನ ತಮ್ಮಲ್ಲಿ ‘ನೂರಕ್ಕೆ ನೂರು ಸ್ವಂತ’ ಎಂಬ ಮುದ್ರೆ ಪಡೆದು ಮಾರಾಟವಾಗುತ್ತಿತ್ತು.

ಇನ್ನು ತಮನ್ನಾಳ ಮಾತು. ಮಗಳಾದ ತಪ್ಪಿಗೆ ಆಕೆಗೆ ತಾಯಿಯ ಮಗ್ಗ ಸಿಗಲಿಲ್ಲ. ಅಲ್ಲಿಂದ ಅವಳ ಪಾಲಿಗೆ ಬಂದದ್ದು ಈ ಲೇಖನ ಒಂದೇ. ವಿಷಯ ತಿಳಿದು ಅಳುತ್ತ ಫೋನು ಮಾಡಿ, “ಅಕ್ಕಾ, ಅಳಿಸಿ ಹಾಕ್ಲೇನು?” ಎಂದಳು.

“ನಿಮ್ಮವ್ವನ ಮಾತು ಅದು, ಇರ್ಲಿ ಬಿಡು,” ಎಂದಳು ನಂದಾ. “ಕೆಂಪು ಬಿದ್ದದ್ದು ನನ್ನ ಹೆಸರಿಗೆ. ನಿನಗೇನಾತು?”

ಹಾಗೆ ಹೇಳಿದವಳು ಅಂದಿನಿಂದ ಒಂದು ಸಾಲೂ ಬರೆದಿಲ್ಲ. ಆ ಕೆಂಪಕ್ಷರ ಕಂಡವರು ಅವಳ ಹಳೆಯ ಲೇಖನಗಳನ್ನೂ ಮುಟ್ಟುತ್ತಿಲ್ಲ. ಮೊನ್ನೆ ನನ್ನ ಬಾಜು ಬಂದು ಕೂತು ಕೇಳಿದಳು: “ದೊಡ್ಡಪ್ಪ, ಮುಚ್ಚಳಿಕಿ ಬರದುಕೊಟ್ಟುಬಿಡ್ಲೇನು? ಬರಿಯೂದಾದ್ರೂ ಉಳಿತೈತಿ.” ಬೇಡ ಎನ್ನಲು ನಾನು ಯಾರು, ಹೆಸರು ಅವಳದು. ನನ್ನ ಮುಖ ನೋಡಿ ತಾನೇ ಅಂದಳು: “ಕೊಟ್ರ ನಾಳೆ ಖಾಲಾನ ಮುಂದ ಹೆಂಗ ಕೂಡ್ಲಿ?”

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಮುಚ್ಚಳಿಕೆ ಬರುವುದಿಲ್ಲ. ಆ ಎರಡು ಕೆಂಪು ಪದಗಳನ್ನು ಅಳಿಸಿ, ಅದೇ ಜಾಗದಲ್ಲಿ ಅಷ್ಟೇ ದೊಡ್ಡ ಅಕ್ಷರದಲ್ಲಿ ‘ನಮ್ಮ ತಪ್ಪು’ ಎಂದು ಬರೆಸಿರಿ. ಬಣ್ಣ ತಮ್ಮ ಇಷ್ಟ.

ಇಂತಿ,
ಈ ಪತ್ರವನ್ನು ಮೊದಲು ನಂದಾಗೆ ಓದಿ ಹೇಳಿ, ತಮ್ಮನ್ನು ಕುರಿತ ಕೆಲವು ಖಾರದ ಮಾತುಗಳನ್ನು ಅವಳು ಹೇಳಿದಂತೆ ಹೊಡೆದುಹಾಕಿರುವ,
ಮಡಿವಾಳೆಪ್ಪ, ನವಲಗುಂದ