ಕಪ್ಪು ಬಟ್ಟೆಯ ವಿಷಯ ಹೇಳಲಿಲ್ಲ

ಜಯನಗರ ನಾಲ್ಕನೇ ‘ಟಿ’ ಬ್ಲಾಕ್
೧೯ ಸೆಪ್ಟೆಂಬರ್ ೨೦೨೫, ಶುಕ್ರವಾರ

ನನ್ನ ಬಂಗಾರ ಧೃತಿಗೆ ಅಮ್ಮನ ಆಶೀರ್ವಾದ.

ನಾವೆಲ್ಲ ಕ್ಷೇಮ ಎಂದು ಬರೆಯಲು ಹೊರಟರೆ ಪೆನ್ನು ನಿಂತುಬಿಡುತ್ತದೆ. ನನ್ನ ಮಂಡಿ ಕ್ಷೇಮವಿಲ್ಲ. ನಿಮ್ಮಪ್ಪನ ಹಟ ಮಾತ್ರ ಕ್ಷೇಮವಾಗಿ, ದಷ್ಟಪುಷ್ಟವಾಗಿದೆ.

ನಿನ್ನ ಕಾಗದ ಮಹಡಿ ಮನೆಯ ಕಮಲಾದೇವಿಯವರ ವಿಳಾಸಕ್ಕೆ ಸರಿಯಾಗಿ ತಲುಪಿತು. ಅವರು ಅದನ್ನು ಕರಿಬೇವಿನ ಸೊಪ್ಪಿನ ಜೊತೆ ಚೀಲದಲ್ಲಿಟ್ಟು ತಂದುಕೊಟ್ಟರು. ಈ ವಯಸ್ಸಿನಲ್ಲಿ ಹೆತ್ತ ಮಗಳಿಗೆ ಕದ್ದು ಕಾಗದ ಬರೆಯುವ ಯೋಗ ನನ್ನ ಹಣೆಯಲ್ಲಿತ್ತು ನೋಡು. ಆದರೆ ಬೇರೆ ದಾರಿ ಎಲ್ಲಿದೆ? ನನ್ನದು ಗುಂಡಿಗಳ ಫೋನು, ಅದರಲ್ಲಿ ಫೋಟೊ ಹೋಗುವುದಿಲ್ಲ. ದೇವಸ್ಥಾನದ ಕಟ್ಟೆಯಲ್ಲಿ ಕೂತು ನಿನಗೆ ಫೋನು ಮಾಡಿದಾಗ ಊಟ, ನಿದ್ದೆ ಕೇಳುವುದರಲ್ಲೇ ಮಂಗಳಾರತಿಯ ಗಂಟೆ ಹೊಡೆಯುತ್ತದೆ. ಹುಬ್ಬಳ್ಳಿಯ ಒಡವೆ ಅಂಗಡಿಗಳಿಗೆಲ್ಲ ನೀನು ತೆಗೆದ ಫೋಟೊ ಬೇಕಂತೆ, ನಿಮ್ಮಪ್ಪನಿಗೆ ಮಾತ್ರ ಬೇಡ. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳಿದ್ದಾರೆಯೇ?

ಬ್ಯಾಂಕಿನ ಕೆಲಸ ಬಿಟ್ಟು ಕ್ಯಾಮೆರಾ ಹಿಡಿಯುತ್ತೇನೆ ಎಂದು ನೀನು ಹೇಳಿದ ದಿನ ನನಗೆ ಚೆನ್ನಾಗಿ ನೆನಪಿದೆ. ಅವರು “ಗುಂಡಿ ಒತ್ತೋದೂ ಒಂದ್ ಕೆಲ್ಸಾನಾ?” ಎಂದರು. ನೀನಾದರೂ ಸುಮ್ಮನಿದ್ದೆಯಾ? “ನಿಮ್ ಕೋವಿ ಕುದುರೆ ಎಳೆಯೋದೂ ಅಷ್ಟೇ ಅಲ್ವಾಪ್ಪಾ? ಅದನ್ನೂ ನೀವು ಒಂದಿನ ಎಳೆದಿಲ್ಲ” ಎಂದೆ. ಅಪ್ಪನಿಗಿಂತ ಮಗಳ ನಾಲಿಗೆ ಒಂದು ಅಂಗುಲ ಉದ್ದ. ಅಂದಿನಿಂದ ನಾಲ್ಕು ವರ್ಷ ಇಬ್ಬರ ನಡುವೆ ಮಾತಿಲ್ಲ. ಅಪ್ಪ ‘ಬಾ’ ಅಂದರೆ ಬರುತ್ತೇನೆ ಎಂದು ನೀನು. “ಬರೋರಿಗೆ ಬಾಗ್ಲು ತೆಗೆದೇ ಇದೆ, ಕರೆಯೋದೇನು” ಎಂದು ಅವರು. ಒಂದೇ ಒಂದು ಅಕ್ಷರ ಕಣೇ ಅದು. ಅದು ಅವರ ಬಾಯಿಂದ ಬಂದ ದಿನ ನಾನು ಗಣೇಶನಿಗೆ ಕಡುಬು ಮಾಡಿ ಹಂಚುತ್ತೇನೆ ಎಂದು ಹರಕೆ ಹೊತ್ತಿದ್ದೇನೆ.

ಇರಲಿ, ಕೋವಿಯ ಕಥೆಗೆ ಬರುತ್ತೇನೆ. ಬಸವನಗುಡಿಯ ಹಳೆಯ ವಸ್ತು ಸಂಗ್ರಹಿಸುವವರ ಕೂಟ ಹೊರತರುವ ಪುಸ್ತಕಕ್ಕೆ ನಮ್ಮ ಮನೆಯ ಮೂರು ಕೋವಿಗಳ ಚಿತ್ರ ಕೇಳಿದ್ದರು ಎಂದು ಹಿಂದಿನ ಕಾಗದದಲ್ಲಿ ಬರೆದಿದ್ದೆನಲ್ಲ. ನಿಮ್ಮ ಮುತ್ತಜ್ಜ ಅಮಲ್ದಾರರ ಕಚೇರಿಯಲ್ಲಿ ಗುಮಾಸ್ತರಾಗಿದ್ದು ಸಂಪಾದಿಸಿದ್ದು ಈ ಮೂರೇ: ಕೇಪಿನ ಕೋವಿ, ಜೋಡುನಳಿಗೆ, ಆ ಪುಟ್ಟ ಪಿಸ್ತೂಲು. ಮೂರರ ನಳಿಗೆಯನ್ನೂ ಎಂದೋ ಮುಚ್ಚಿಸಿ ಪೊಲೀಸರಿಗೆ ತೋರಿಸಿ ಆಗಿದೆ. ಬದನೆಕಾಯಿಯಲ್ಲಿ ಹುಳ ಕಂಡರೆ ಅದನ್ನು ಎಲೆಯ ಮೇಲಿಟ್ಟು ಪಾರ್ಕಿಗೆ ಬಿಟ್ಟುಬರುವ ಮನುಷ್ಯನಿಗೆ ಕೋವಿಯ ಹುಚ್ಚು ಹೇಗೆ ಹತ್ತಿತೋ ದೇವರೇ ಬಲ್ಲ. ಆದರೂ ಭಾನುವಾರ ಅವುಗಳನ್ನು ಒರೆಸುತ್ತ ಕೂತಾಗ ಅವರ ಮುಖ ನೋಡಬೇಕು. ನಿನ್ನನ್ನು ತೊಟ್ಟಿಲಿನಿಂದ ಎತ್ತಿಕೊಳ್ಳುವಾಗ ಆ ಮುಖ ಹಾಗಿತ್ತು.

ಅವರೇ ಫೋನಿನಲ್ಲಿ ತೆಗೆದು ಕಳಿಸಿದ ಮೊದಲ ಫೋಟೊಗಳನ್ನು ಕೂಟದ ಸಂಜೀವಯ್ಯನವರು ಮನೆಗೇ ಬಂದು ವಾಪಸ್ಸು ಕೊಟ್ಟರು. “ಬೇಜಾರ್ ಮಾಡ್ಕೋಬೇಡಿ ಸೀನು ಸಾರ್, ಇದ್ರಲ್ಲಿ ಕೋವಿ ಯಾವ್ದು, ಕಿಟಕಿ ಸರಳು ಯಾವ್ದು ಗೊತ್ತಾಗ್ತಿಲ್ಲ” ಎಂದರು. ಜೊತೆಗೆ ಮೊಸಾಯಿಕ್ ನೆಲ, ನಿಮ್ಮಪ್ಪನ ಕಾಲ್ಬೆರಳು, ನನ್ನ ಪೊರಕೆ ಎಲ್ಲವೂ ಅದರಲ್ಲಿದ್ದವು. ಸ್ಟುಡಿಯೋದವರನ್ನು ಕರೆಸೋಣವೆಂದರೆ ಅವರು ಹೇಳಿದ ದುಡ್ಡು ಕೇಳಿ ಇವರಿಗೆ ಬಿಕ್ಕಳಿಕೆ ಬಂತು. ಅಂದು ಅವರು ಊಟಕ್ಕೆ ಮಜ್ಜಿಗೆ ಹಾಕಿಸಿಕೊಳ್ಳದೆ ಎದ್ದುಹೋದರು. ಅದಕ್ಕೇ ನಾನು ನಿನಗೆ ಬರೆದದ್ದು. ಹೊಳೆಯುವ ವಸ್ತುವಿನ ಫೋಟೊ ತೆಗೆಯುವುದು ನಿನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?

ನೀನು ಬರೆದ ಉಪಾಯಗಳನ್ನೆಲ್ಲ ಕಮಲಾದೇವಿಯವರು ಯೂಟ್ಯೂಬಿನಲ್ಲಿ ನೋಡಿದ್ದು ಎಂದು ಹೇಳಿ ದಿನಕ್ಕೊಂದರಂತೆ ಉಣಿಸಿದೆ. ಮೊದಲು ಟ್ಯೂಬ್‌ಲೈಟು ಆರಿಸಿ, ಫೋನಿನ ಫ್ಲ್ಯಾಶು ತೆಗೆಸಿ, ಮೇಜನ್ನು ಕಿಟಕಿಯ ಪಕ್ಕಕ್ಕೆ ಎಳೆಸಿದೆ. ಬಿಸಿಲು ನೇರವಾಗಿ ಬೀಳದಂತೆ ಕಿಟಕಿಗೆ ಬೇಕರಿಯ ಬಟರ್ ಪೇಪರ್ ಅಂಟಿಸಿದ್ದಾಯಿತು. ಬೆಳಕು ಕೆನೆ ಹಾಲಿನಂತೆ ಮೆತ್ತಗೆ ಒಳಗೆ ಬಂತು ಕಣೇ, ನನಗೇ ಖುಷಿಯಾಯಿತು. ನವರಾತ್ರಿ ಗೊಂಬೆಯ ಮೆಟ್ಟಿಲಿಗೆಂದು ತಂದಿದ್ದ ಥರ್ಮೋಕೋಲ್ ಹಾಳೆಯನ್ನು ಕಿಟಕಿಯ ಎದುರು ಬದಿಯಲ್ಲಿ ಹಿಡಿದು ನಿಲ್ಲುವುದು ನನ್ನ ಡ್ಯೂಟಿ. ಹಾಳೆಯನ್ನು ಸ್ವಲ್ಪ ಓರೆ ಮಾಡಿದರೆ ಸಾಕು, ಕೋವಿಯ ಕತ್ತಲೆಯಲ್ಲಿದ್ದ ಕೆತ್ತನೆಯೆಲ್ಲ ಎದ್ದು ಕಾಣುತ್ತದೆ. ಬಳ್ಳಿಯ ನಡುವೆ ಒಂದು ನವಿಲಿದೆ, ಗೊತ್ತೇ? ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿದ್ದೇನೆ, ಆ ನವಿಲನ್ನು ನಾನು ನೋಡಿಯೇ ಇರಲಿಲ್ಲ.

ಬಿಳಿ ಪಂಚೆಯ ಮೇಲಿಟ್ಟರೆ ಕೋವಿ ಇದ್ದಿಲಿನಂತೆ ಬರುತ್ತಿತ್ತು. ನೀನು ಹೇಳಿದ ಹಾಗೆ ಬೂದು ಬಣ್ಣದ ಹೊದಿಕೆಯನ್ನು ಇಸ್ತ್ರಿ ಮಾಡಿ ಹಾಸಿದ ಮೇಲೆ ಮರದ ಬಣ್ಣ, ಲೋಹದ ಬಣ್ಣ ಬೇರೆಬೇರೆಯಾದವು. ಕೈ ನಡುಗುವುದಕ್ಕೆ ಅಕ್ಕಿ ಡಬ್ಬವೇ ಸ್ಟ್ಯಾಂಡು. ಅದಕ್ಕೆ ಫೋನು ಒರಗಿಸಿ, ತಾನೇ ಎಣಿಸಿಕೊಂಡು ಫೋಟೊ ತೆಗೆಯುವಂತೆ ಇಟ್ಟು, ಇಬ್ಬರೂ ಉಸಿರು ಬಿಗಿಹಿಡಿದು ನಿಲ್ಲುತ್ತೇವೆ. ಬೆರಳಚ್ಚು ಬೀಳಬಾರದೆಂದು ಅವರ ಕೈಗೆ ನನ್ನ ಹಳೆಯ ಕಾಲುಚೀಲ! ನಗಬೇಡ, ಹತ್ತಿಯ ಗ್ಲೌಸು ಹುಡುಕಿಕೊಂಡು ನಾಲ್ಕನೇ ಬ್ಲಾಕು ಸುತ್ತಲು ನನ್ನ ಮಂಡಿ ಒಪ್ಪಲಿಲ್ಲ.

ಕೋವಿಯ ಅಡಿಗೆ ರಬ್ಬರಿನ ತುಂಡು ಕೊಟ್ಟು ಸ್ವಲ್ಪ ಎತ್ತರಿಸಿದರೆ ನೆರಳು ಮೆತ್ತಗಾಗುತ್ತದೆ ಎಂದಿದ್ದೆಯಲ್ಲ, ಅಂದು ನಡೆದದ್ದನ್ನು ಹೇಳಬೇಕು. ಅವರು ನಿನ್ನ ಮೇಜಿನ ಖಾನೆ ತಡಕಿ ಒಂದು ಹಿಡಿ ಹಳೆಯ ರಬ್ಬರು ತಂದರು. ಒಂದರ ಮೇಲೆ ನೀಲಿ ಶಾಯಿಯಲ್ಲಿ ನಿನ್ನ ಹೆಸರಿತ್ತು. ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಇದು ಸವೆದೇ ಇಲ್ಲ. ಬರೆದಿದ್ದನ್ನ ಅಳಿಸೋ ಜಾಯಮಾನವೇ ಅಲ್ಲ ಅವಳದ್ದು” ಎಂದರು. ಹೊಗಳಿದರೋ ಬೈದರೋ ತಿಳಿಯಲಿಲ್ಲ. ಆದರೆ ಆ ರಬ್ಬರನ್ನು ಬೇರೆಯವುಗಳ ಜೊತೆ ಸೇರಿಸದೆ ಜೋಡುನಳಿಗೆಯ ಹಿಡಿಯ ಕೆಳಗೇ ಇಟ್ಟರು. ನನಗೆ ಕಣ್ಣು ತುಂಬಿ ಬಂತು. ಥರ್ಮೋಕೋಲಿನ ಹಿಂದೆ ಮುಖ ಮುಚ್ಚಿಕೊಂಡೆ.

ಒಂದು ದಿನ ಮಾತ್ರ ಇನ್ನೇನು ಸಿಕ್ಕಿಬೀಳುತ್ತಿದ್ದೆವು. ಗೇಟಿನ ಬಳಿ ಇವರು ಕಮಲಾದೇವಿಯವರನ್ನು ನಿಲ್ಲಿಸಿಕೊಂಡು, “ಬಟರ್ ಪೇಪರ್ ಐಡಿಯಾ ಸಖತ್ತಾಗಿತ್ತು ಮೇಡಂ, ಥ್ಯಾಂಕ್ಸ್” ಎಂದರು. ಆಕೆಗೆ ಕಾಗದ ತಂದುಕೊಡುವುದು ಗೊತ್ತೇ ಹೊರತು ಅದರೊಳಗೆ ಏನಿದೆಯೆಂದು ಏನು ಗೊತ್ತು? “ಹ್ಞಾಂ, ಕೇಕ್ ತಳ ಹಿಡಿಯಲ್ಲ ಸಾರ್” ಎಂದುಬಿಟ್ಟರು! ನಾನು ಬಾಲ್ಕನಿಯಿಂದಲೇ ಕುಕ್ಕರು ಕೂಗಿತೆಂದು ಇವರನ್ನು ಒಳಗೆ ಕರೆದೆ. ಒಲೆಯ ಮೇಲೆ ಕುಕ್ಕರೇ ಇರಲಿಲ್ಲ. ಸದ್ಯ, ಅವರು ಗಮನಿಸಲಿಲ್ಲ.

ಫೋಟೊ ಕಾಗದದ ಮೇಲೆ ಬಂದರೆ ಮಾತ್ರ ನಿಮ್ಮಪ್ಪನಿಗೆ ನಂಬಿಕೆ. ಆದ್ದರಿಂದ ಪ್ರತಿ ಸಲ ಕಾಂಪ್ಲೆಕ್ಸಿನ ಸ್ಟುಡಿಯೋದಲ್ಲಿ ಪ್ರಿಂಟು ಹಾಕಿಸಿ ತರುತ್ತಾರೆ. ಮೊದಲ ಸಲ ಒಂದನ್ನು ನಾನು ಕದ್ದು ನಿನಗೆ ಕಳಿಸಿದೆ. ಆಮೇಲಿನಿಂದ ಆ ಸ್ಟುಡಿಯೋದ ಹುಡುಗ ಪಾಪ, ಮರೆವೋ ಏನೋ, ಎಲ್ಲದಕ್ಕೂ ಎರಡೆರಡು ಪ್ರತಿ ಕೊಡುತ್ತಿದ್ದಾನೆ. ದೇವರು ದೊಡ್ಡವನು. ಮನೆಯಲ್ಲಿ ಇಲಿಯ ಕಾಟ ಮಾತ್ರ ಹೆಚ್ಚಾಗಿದೆ. ನನ್ನ ಕಪ್ಪು ಶಾಲಿನ ನಟ್ಟನಡುವೆ ಗುಂಡಗೆ ಕಡಿದಿಟ್ಟಿದೆ. ನಿಮ್ಮಪ್ಪ ಇಲಿಬೋನು ತರುತ್ತೇನೆ ಎಂದವರು ಇನ್ನೂ ತಂದಿಲ್ಲ.

ಈಗ ನಿನಗೊಂದು ವಿಷಯ ಹೇಳಬೇಕು, ಬೈಯಬೇಡ. ನೀನು ಕೊನೆಯಲ್ಲಿ ಬರೆದಿದ್ದೆ: ಅಮ್ಮಾ, ಮೆರುಗು ಕೊಟ್ಟ ಲೋಹ ಕನ್ನಡಿಯಿದ್ದ ಹಾಗೆ, ಫೋಟೊ ತೆಗೆಯುವವರನ್ನೇ ತೋರಿಸುತ್ತದೆ, ಅದಕ್ಕೆ ಮುಂದೆ ಕಪ್ಪು ಬಟ್ಟೆ ಕಟ್ಟಿ ನಡುವೆ ತೂತು ಮಾಡಿ ಅದರೊಳಗಿನಿಂದ ತೆಗೆಯಬೇಕು, ಇದನ್ನು ಮರೆಯಬೇಡ ಎಂದು. ನಾನು ಮರೆಯಲಿಲ್ಲ. ಬೇಕೆಂದೇ ಹೇಳಲಿಲ್ಲ.

ಯಾಕೆಂದರೆ ಕೇಪಿನ ಕೋವಿಯ ಕುದುರೆಯ ಕೆಳಗೆ ಬೆಳ್ಳಿಯ ತಗಡಿದೆಯಲ್ಲ, ಆ ಮೊದಲ ಪ್ರಿಂಟಿನಲ್ಲಿ ಅದನ್ನು ಕನ್ನಡಕ ಹಾಕಿಕೊಂಡು ನೋಡಿದರೆ ಅಲ್ಲಿ ನಿಮ್ಮಪ್ಪ ನಿಂತಿದ್ದರು. ಹೆಬ್ಬೆರಳಿನ ಉಗುರಿನಷ್ಟು ಪುಟ್ಟ ಅಪ್ಪ. ತನ್ನ ಒಂದು ಫೋಟೊ ಸಹ ತೆಗೆಯಲು ಬಿಡದ ಮನುಷ್ಯ ಅವರು. ನೀನು ಅಪ್ಪ ಹೇಗಿದ್ದಾರೆ ಎಂದು ಕೇಳಿದಾಗಲೆಲ್ಲ ನಾನು ಚೆನ್ನಾಗಿದ್ದಾರೆ ಎನ್ನುವುದರ ಹೊರತು ಏನು ಹೇಳಲಿ? ಹೋದ ವರ್ಷ ಕಣ್ಣಿನ ಪೊರೆ ತೆಗೆಸಿದ್ದನ್ನೂ ನಿನಗೆ ತಿಳಿಸಬಾರದೆಂದು ಆಣೆ ಹಾಕಿಸಿದ್ದರು. ಈಗ ಬರೆದುಬಿಟ್ಟೆ, ಆಣೆ ನನ್ನ ತಲೆಗೇ ಇರಲಿ. ನೀನೇ ನೋಡಬೇಕು ಅಂತ ಆಸೆಯಾಯಿತು ಮಗಳೇ. ಕೂದಲು ಎಷ್ಟು ಬೆಳ್ಳಗಾಗಿದೆ, ಭುಜ ಎಷ್ಟು ಬಾಗಿದೆ ಅಂತ. ಪಕ್ಕದಲ್ಲಿ ಬಿಳಿ ಹಲಗೆ ಹಿಡಿದ ಭೂತದಂತೆ ಕಾಣುವುದು ನಾನು.

ಈ ಸಲದ ಚಿತ್ರಗಳನ್ನು ಭೂತಗನ್ನಡಿ ಹಿಡಿದು ನೋಡು. ಅವರು ಹಾಕಿಕೊಂಡಿರುವ ನೀಲಿ ಚೌಕಳಿ ಶರ್ಟು ಗುರುತು ಸಿಕ್ಕಿತೇ? ನಿನ್ನ ಕ್ಯಾಮೆರಾದ ಮೊದಲ ಸಂಪಾದನೆಯಲ್ಲಿ ಕಳಿಸಿದ್ದು. ಗುಂಡುಸೂಜಿ ಸಹ ಬಿಚ್ಚದೆ ಬೀರುವಿನೊಳಗೆ ತಳ್ಳಿದ್ದರು. ಈಗ ಬೆಳಿಗ್ಗೆ ಫೋಟೊ ತೆಗೆಯುವ ಹೊತ್ತಿಗೆ ತಲೆ ಬಾಚಿ ಅದನ್ನು ಹಾಕಿಕೊಳ್ಳುತ್ತಾರೆ, ಮುಗಿದ ಮೇಲೆ ಮಡಿಸಿಟ್ಟು ಬನಿಯನ್ನಿಗೆ ಬರುತ್ತಾರೆ. ಕೇಳಿದರೆ, “ಎಣ್ಣೆ ಕೆಲಸಕ್ಕೆ ಹಳೇ ಶರ್ಟು ಯಾಕೆ ಹಾಳ್ಮಾಡ್ಲಿ” ಎನ್ನುತ್ತಾರೆ. ಇದ್ಯಾವ ತರ್ಕವೋ! ಆದರೂ ಹಾಕಿಕೊಂಡರಲ್ಲ, ಅಷ್ಟು ಸಾಕು.

ತಗಡಿನಲ್ಲಿ ಅವರಿರುವ ತನಕ ಈ ಫೋಟೊಗಳು ಪುಸ್ತಕಕ್ಕೆ ಆಗುವುದಿಲ್ಲ ಎಂದು ನನಗೆ ಗೊತ್ತು. ಎಷ್ಟು ದಿನ ಮುಚ್ಚಿಡಲಿ? ಆಯುಧಪೂಜೆ ಹತ್ತಿರ ಬಂತು. ಆವತ್ತು ಎಂದಿನಂತೆ ಕೋವಿ, ನನ್ನ ಈಳಿಗೆಮಣೆ, ಹೊಲಿಗೆ ಯಂತ್ರ, ಸ್ಕೂಟರು ಎಲ್ಲಕ್ಕೂ ಕುಂಕುಮ ಇಟ್ಟು ಮುಗಿದ ಮೇಲೆ ಕಪ್ಪು ಬಟ್ಟೆಯ ವಿಷಯ ಹೇಳಿಬಿಡುತ್ತೇನೆ. ಆಮೇಲೆ ತಗಡು ಸ್ವಚ್ಛವಾಗುತ್ತದೆ, ನಿನಗೆ ಅಪ್ಪ ಕಾಣುವುದಿಲ್ಲ. ಅದಕ್ಕೇ ಈ ಸಲ ಒಂದಲ್ಲ, ಇದ್ದಬದ್ದದ್ದನ್ನೆಲ್ಲ ಕಳಿಸುತ್ತಿದ್ದೇನೆ. ಜೋಪಾನವಾಗಿ ಇಟ್ಟುಕೋ. ನಾನು ಬಾ ಎಂದು ಕರೆದರೆ ನಿನಗೆ ಸಾಲದು, ಗೊತ್ತು. ಆದರೂ ಕರೆಯುವುದನ್ನು ಬಿಡುವವಳಲ್ಲ ನಾನು.

ಹೊತ್ತು ಹೊತ್ತಿಗೆ ಊಟ ಮಾಡು. ಬರೀ ಚುರುಮುರಿ ತಿಂದು ಮಲಗಬೇಡ.

ಇಂತು ನಿನ್ನನ್ನೇ ನೆನೆಯುವ
ಅಮ್ಮ, ಕಾತ್ಯಾಯಿನಿ

ಮ.ವಿ.: ಅಳತೆಗೆಂದು ಎತ್ತಿಟ್ಟಿದ್ದ ನಿನ್ನ ಹಳೆಯ ಲಂಗದ ಬಟ್ಟೆಯಲ್ಲಿ ಪಟ್ಟದ ಗೊಂಬೆಗೆ ಸೀರೆ ಮಾಡಿದ್ದೇನೆ. ಅಂಟು ಒಣಗಿಹೋಗಿದೆ, ಕಮಲಾದೇವಿಯವರ ಹತ್ತಿರ ಇಸಿದುಕೊಂಡು ಬಂದು ಲಕೋಟೆ ಅಂಟಿಸುತ್ತೇನೆ.

ಮ.ವಿ.: ಇದು ಅಪ್ಪನ ಅಕ್ಷರ. ಅಮ್ಮ ಕಾಗದವನ್ನು ಲಕೋಟೆಯೊಳಗಿಟ್ಟು ಅಂಟಿಗೆಂದು ಮಹಡಿಗೆ ಹೋಗಿದ್ದಾಳೆ, ಹೋದರೆ ಬೇಗ ಬರುವವಳಲ್ಲ. ಓದಬಾರದಿತ್ತು, ಓದಿದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಇವಳ ವ್ಯವಹಾರ. ಬಟರ್ ಪೇಪರ್ ಎಂದ ದಿನವೇ ಅದು ನಿನ್ನ ಬುದ್ಧಿ ಎಂದು ತಿಳಿಯಿತು. ನಿನ್ನ ರೂಮಿನ ಕಿಟಕಿಯಲ್ಲಿ ಆ ಅಂಟಿನ ಗುರುತು ಇನ್ನೂ ಇದೆ. ಎರಡೆರಡು ಪ್ರತಿ ಹಾಕಿಸುತ್ತಿದ್ದವನು ನಾನು. ಕಪ್ಪು ಬಟ್ಟೆಯ ವಿಷಯ ಸಂಜೀವಯ್ಯನವರು ಬಂದ ದಿನವೇ ಹೇಳಿದ್ದರು. ಅಮ್ಮ ದೇವಸ್ಥಾನಕ್ಕೆ ಹೋದಾಗ ಅವರು ಹೇಳಿದಂತೆಯೇ ತೆಗೆದು ಪುಸ್ತಕಕ್ಕೆ ಕೊಟ್ಟಾಯಿತು, ಒಪ್ಪಿಗೆಯೂ ಆಯಿತು. ಶಾಲು ಕಡಿದ ಇಲಿ ನಾನೇ. ನೀನು ನೋಡುತ್ತಿರುವವು ಪುಸ್ತಕಕ್ಕೆ ತೆಗೆದವಲ್ಲ. ಶರ್ಟು ಭುಜದಲ್ಲಿ ಸ್ವಲ್ಪ ಸಡಿಲ, ಆದರೆ ಚೆನ್ನಾಗಿದೆ.

ಇದು ಬರೀ ಗುಂಡಿ ಒತ್ತುವ ಕೆಲಸವಲ್ಲ. ಒಂದು ನವಿಲು ಕಾಣಿಸಲು ಎಷ್ಟು ಕಷ್ಟವೆಂದು ಈಗ ಗೊತ್ತಾಯಿತು. ಆಯುಧಪೂಜೆ ಒಂದನೇ ತಾರೀಖು. ಜೋಡುನಳಿಗೆಯ ಪಕ್ಕದಲ್ಲಿ ನಿನ್ನ ಕ್ಯಾಮೆರಾಕ್ಕೆ ಜಾಗ ಬಿಟ್ಟಿರುತ್ತೇನೆ. ಲೆನ್ಸಿಗೆ ತಾಗದ ಹಾಗೆ ಕುಂಕುಮ ನಾನೇ ಇಡುತ್ತೇನೆ. ನಾನು ಬರೆದದ್ದು ಅಮ್ಮನಿಗೆ ಹೇಳಬೇಡ, ಬಾಗಿಲು ತೆಗೆದಾಗ ಅವಳಿಗೇ ತಿಳಿಯಲಿ.

ಬಾ.